ತಪಾಸಣೆಯ ದಿನ ಮಾತ್ರ ಹೊಸ ಬೆಡ್‌ಶೀಟ್

ಕಾಲೇಜಿಗೆ ನ್ಯಾಕ್ ತಂಡ ಬರುವ ವಾರ ಹೇಗಿರುತ್ತದೆ ಎಂಬುದು ನಿಮಗೆಲ್ಲ ಗೊತ್ತು. ವರ್ಷಗಟ್ಟಲೆ ಸುಣ್ಣ ಕಾಣದ ಗೋಡೆಗೆ ಬಣ್ಣ ಬರುತ್ತದೆ. ಬೀಗ ಹಾಕಿದ್ದ ಶೌಚಾಲಯ ತೆರೆಯುತ್ತದೆ. ಎಲ್ಲಿಂದಲೋ ಹೂಕುಂಡಗಳು ಬಂದು ಮೆಟ್ಟಿಲ ಮೇಲೆ ಕೂರುತ್ತವೆ. ಲೈಬ್ರರಿಯಲ್ಲಿ ಕೂತು ಓದುತ್ತಿರುವಂತೆ ಕಾಣಲು ನಮ್ಮಲ್ಲೇ ಹತ್ತು ಜನರನ್ನು ಆರಿಸುತ್ತಾರೆ. ತಂಡ ಹೋದ ಮರುದಿನ ಹೂಕುಂಡಗಳೂ ಇರುವುದಿಲ್ಲ, ಆ ಹತ್ತು ಜನರೂ ಇರುವುದಿಲ್ಲ. ಇದನ್ನು ನಾವು ಕ್ಯಾಂಟೀನಿನಲ್ಲಿ ಕೂತು ನಕ್ಕು ಮರೆಯುತ್ತೇವೆ. ಯಾಕೆಂದರೆ ಮೂರು ವರ್ಷ ಕಳೆದರೆ ನಾವು ಅಲ್ಲಿಂದ ಹೊರಬರುತ್ತೇವೆ.

ಹೊರಬರಲು ಆಗದವರು ಇರುವ ಜಾಗದಲ್ಲೂ ಹೀಗೇ ನಡೆದರೆ ಏನು ಗತಿ?

ಎಂಎಸ್‌ಡಬ್ಲ್ಯು ಓದುವಾಗ ಕ್ಷೇತ್ರಕಾರ್ಯಕ್ಕೆಂದು ನಾನು ವಾರಕ್ಕೆ ಎರಡು ದಿನ ಒಂದು ವೃದ್ಧರ ಆರೈಕೆ ಕೇಂದ್ರಕ್ಕೆ ಹೋಗುತ್ತಿದ್ದೆ. ಅಲ್ಲಿ 22 ಮಂದಿ ಹಿರಿಯರಿದ್ದರು. ಅರ್ಧದಷ್ಟು ಜನ ಹಾಸಿಗೆ ಬಿಟ್ಟು ಏಳಲಾರದವರು. ಒಂದು ಬೆಳಿಗ್ಗೆ ಹೋದಾಗ ಎಲ್ಲ ಮಂಚದ ಮೇಲೂ ಮಡಿಕೆಯ ಗೆರೆ ಇನ್ನೂ ಮಾಸದ ಹೊಸ ಬೆಡ್‌ಶೀಟ್ ಇತ್ತು. ಕಾರಿಡಾರಿನಲ್ಲಿ ಫಿನಾಯಿಲ್ ವಾಸನೆ. ‘ಇವತ್ತು ಇನ್‌ಸ್ಪೆಕ್ಷನ್’ ಎಂದು ಆಯಾ ಪಿಸುಗುಟ್ಟಿದರು. ಬಂದ ಅಧಿಕಾರಿ ಕೆಟ್ಟವರೇನಲ್ಲ. ಹಾಜರಿ ಪುಸ್ತಕ ನೋಡಿದರು, ಅಡುಗೆಮನೆಗೆ ಇಣುಕಿದರು, ಬೆಂಕಿ ಆರಿಸುವ ಸಿಲಿಂಡರಿನ ದಿನಾಂಕ ಓದಿದರು, ಶೌಚಾಲಯದಲ್ಲಿ ಹಿಡಿಕಂಬಿ ಇದೆಯೇ ಎಂದು ಕೇಳಿದರು. ಕೊನೆಗೆ ಕಿಟಕಿಯ ಪಕ್ಕದ ಹಾಸಿಗೆಯ ಅಜ್ಜಿಯ ಬಳಿ ನಿಂತು ‘ಚೆನ್ನಾಗಿ ನೋಡ್ಕೋತಾರಾ ಅಮ್ಮ?’ ಎಂದರು. ಪಕ್ಕದಲ್ಲೇ ವ್ಯವಸ್ಥಾಪಕರು ನಿಂತಿದ್ದರು. ಅಜ್ಜಿ ‘ಹೂಂ ಸ್ವಾಮಿ’ ಎಂದರು. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು.

ಮುಂದಿನ ಭೇಟಿಯ ಹೊತ್ತಿಗೆ ಬೆಡ್‌ಶೀಟುಗಳು ಬೀರುವಿಗೆ ಮರಳಿದ್ದವು. ಅಜ್ಜಿಯನ್ನು ಕೇಳಿದೆ, ‘ಅವತ್ತು ಯಾಕೆ ಏನೂ ಹೇಳಲಿಲ್ಲ?’ ಅವರು ಹೇಳಿದ್ದು ಇಷ್ಟೆ: ‘ಅವರು ಹಗಲು ಬಂದಿದ್ರು ಮಗಾ. ಹಗಲು ನಂಗೇನೂ ತೊಂದ್ರೆ ಇಲ್ಲ.’

ರಾತ್ರಿ ಆ 22 ಮಂದಿಗೂ ಇದ್ದದ್ದು ಒಬ್ಬರೇ ಆಯಾ. ಹಾಜರಿ ಪುಸ್ತಕದಲ್ಲಿ ಅದನ್ನು ಮುಚ್ಚಿಟ್ಟಿರಲಿಲ್ಲ, ಆದರೆ ಯಾರೂ ಅದನ್ನು ಕೇಳಲಿಲ್ಲ. ಆರೈಕೆಯ ಗುಣಮಟ್ಟ ಕಟ್ಟಡದಲ್ಲಿ ಇರುವುದಿಲ್ಲ, ಒಬ್ಬರಿಗೆ ಎಷ್ಟು ಜನ ಎಷ್ಟು ಹೊತ್ತು ಕೈಹಚ್ಚಲು ಇದ್ದಾರೆ ಎಂಬುದರಲ್ಲಿ ಇರುತ್ತದೆ. ನಮ್ಮ ತಪಾಸಣೆ ಕಟ್ಟಡವನ್ನೇ ನೋಡಿ ಹೋಗುತ್ತದೆ.

ಯಾಕೆ ಈಗ ಈ ಮಾತು?

ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಮತ್ತು ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಸೇರಿ 2023ರಲ್ಲಿ ಹೊರತಂದ ವರದಿಯ ಪ್ರಕಾರ, 2022ರಲ್ಲಿ ದೇಶದಲ್ಲಿ 60 ದಾಟಿದವರು ಸುಮಾರು 14.9 ಕೋಟಿ. ಅಂದರೆ ಜನಸಂಖ್ಯೆಯ ಶೇ 10.5. 2050ರ ಹೊತ್ತಿಗೆ ಇದು 34.7 ಕೋಟಿ ಆಗುತ್ತದೆ, ಐವರಲ್ಲಿ ಒಬ್ಬರಿಗಿಂತ ಹೆಚ್ಚು. 2050 ಬಹಳ ದೂರ ಎನಿಸಬಹುದು. ಆದರೆ ಇಂದು ಪದವಿ ಓದುತ್ತಿರುವವರ ಅಪ್ಪ ಅಮ್ಮ ಆಗ ಎಪ್ಪತ್ತು ದಾಟಿರುತ್ತಾರೆ. ಲೆಕ್ಕ ನಮ್ಮ ಮನೆಯದೇ.

ಊರಿನಲ್ಲಿ ತಂದೆ ತಾಯಿ, ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಮಕ್ಕಳು ಎಂಬುದು ಈಗ ಸಾಮಾನ್ಯ ಸಂಗತಿ. ಪಾರ್ಶ್ವವಾಯು ಆದವರನ್ನು, ಮರೆವಿನ ಕಾಯಿಲೆ ಇರುವವರನ್ನು, ಸೊಂಟದ ಮೂಳೆ ಮುರಿದು ಮಲಗಿದವರನ್ನು ಮನೆಯಲ್ಲಿ ನೋಡಿಕೊಳ್ಳಲು ಆಗದಿದ್ದಾಗ ಜನ ಹುಡುಕುವುದು ಇಂಥ ಕೇಂದ್ರಗಳನ್ನು. ಹಿಂದೆ ವೃದ್ಧಾಶ್ರಮ ಎಂದರೆ ದಾನಿಗಳ ನೆರವಿನಿಂದ ನಡೆಯುವ, ದಿಕ್ಕಿಲ್ಲದವರ ಆಸರೆ. ಈಗ ತಿಂಗಳಿಗೆ ಹತ್ತಾರು ಸಾವಿರ ರೂಪಾಯಿ ಪಡೆಯುವ ಆರೈಕೆ ಕೇಂದ್ರಗಳೂ ಇವೆ.

ಒಂದು ಪದದ ಗೊಂದಲ ಮೊದಲು ಬಿಡಿಸಿಕೊಳ್ಳೋಣ. ನಮ್ಮಲ್ಲಿ ನರ್ಸಿಂಗ್ ಹೋಂ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ. ಹೆರಿಗೆ, ಅಪೆಂಡಿಕ್ಸ್, ಡೆಂಗಿ ಜ್ವರಕ್ಕೆ ಹೋಗುವ ಜಾಗ. ಅಮೆರಿಕ, ಇಂಗ್ಲೆಂಡಿನಲ್ಲಿ ಅದೇ ಪದಕ್ಕೆ ಅರ್ಥ, ದಿನದ 24 ಗಂಟೆ ಶುಶ್ರೂಷೆ ಬೇಕಾದವರು ವರ್ಷಗಟ್ಟಲೆ ಉಳಿಯುವ ಮನೆ. ನಮ್ಮ ಕಾನೂನಿನಲ್ಲೂ ಈ ಗೊಂದಲದ ನೆರಳಿದೆ. ಸಣ್ಣ ಆಸ್ಪತ್ರೆಗಳಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. 2017ರಲ್ಲಿ ಅದಕ್ಕೆ ತಿದ್ದುಪಡಿ ಬಂದಾಗ ವೈದ್ಯರು ಮುಷ್ಕರ ಹೂಡಿದ್ದು ಹಲವರಿಗೆ ನೆನಪಿರಬಹುದು. ನೋಂದಣಿ, ದರಪಟ್ಟಿ, ರೋಗಿಗಳ ಹಕ್ಕುಗಳ ಪಟ್ಟಿ ಎಲ್ಲ ಅದರಲ್ಲಿವೆ. ಆದರೆ ಅದರ ಕಣ್ಣು ಚಿಕಿತ್ಸೆಯ ಮೇಲೆ. ಚಿಕಿತ್ಸೆಯೇ ಮುಖ್ಯವಲ್ಲದ, ಉಣಿಸುವ, ಮೈ ಒರೆಸುವ, ಮಗ್ಗುಲು ಬದಲಿಸುವ ಕೆಲಸವೇ ಮುಖ್ಯವಾದ ಮನೆಗಳನ್ನು ಅಳೆಯಲು ಅದು ಹುಟ್ಟಿದ್ದಲ್ಲ.

ಹಿರಿಯರಿಗೆಂದೇ ಇರುವ ಕೇಂದ್ರ ಕಾನೂನು 2007ರ ಪೋಷಕರು ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ ಬಳಿ ಜೀವನಾಂಶ ಕೇಳುವ ಹಕ್ಕು ಅದರಿಂದ ಬಂತು. ಜಿಲ್ಲೆಗೆ ಕನಿಷ್ಠ ಒಂದು, 150 ಮಂದಿ ಬಡ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ತೆರೆಯಬಹುದು ಎಂದೂ ಅದರ 19ನೇ ಸೆಕ್ಷನ್ ಹೇಳುತ್ತದೆ. ‘ತೆರೆಯಬೇಕು’ ಎನ್ನುವುದಿಲ್ಲ, ‘ತೆರೆಯಬಹುದು’ ಎನ್ನುತ್ತದೆ. ಅಲ್ಲಿನ ಸೇವೆ ಯಾವ ಮಟ್ಟದಲ್ಲಿರಬೇಕು ಎಂಬುದನ್ನು ರಾಜ್ಯಗಳಿಗೆ ಬಿಟ್ಟಿದೆ. ಖಾಸಗಿ ಕೇಂದ್ರಗಳೂ ಸೇರಿ ಎಲ್ಲವೂ ನೋಂದಣಿಯಾಗಬೇಕು, ಕನಿಷ್ಠ ಮಾನದಂಡ ಪಾಲಿಸಬೇಕು ಎಂಬ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತು. ಸ್ಥಾಯಿ ಸಮಿತಿಗೆ ಹೋಯಿತು, ಸಮಿತಿ 2021ರಲ್ಲಿ ವರದಿ ಕೊಟ್ಟಿತು. ಆಮೇಲೆ ಅಲ್ಲೇ ಉಳಿಯಿತು. 2024ರಲ್ಲಿ 17ನೇ ಲೋಕಸಭೆ ವಿಸರ್ಜನೆಯಾದಾಗ ಮಸೂದೆಯೂ ಬಿದ್ದುಹೋಯಿತು.

ಮಸೂದೆ ಮತ್ತೆ ಬರಬೇಕು, ನಿಜ. ಆದರೆ ಬಂದಾಗ ಅದರಲ್ಲಿ ಎಂಥ ತಪಾಸಣೆ ಇರಬೇಕು ಎಂಬ ಪ್ರಶ್ನೆ ಇನ್ನೂ ದೊಡ್ಡದು. ಅದಕ್ಕೆ ನಮಗಿಂತ ಮೊದಲು ಈ ದಾರಿಯಲ್ಲಿ ನಡೆದು ಎಡವಿದ ದೇಶಗಳನ್ನು ನೋಡಬೇಕು.

ಅಮೆರಿಕ ಕಲಿತ ಪಾಠ

ಅಮೆರಿಕದ ನರ್ಸಿಂಗ್ ಹೋಂಗಳ ಸ್ಥಿತಿ ಕುರಿತು ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1986ರಲ್ಲಿ ಕಟುವಾದ ವರದಿ ಕೊಟ್ಟಿತು. ಮರುವರ್ಷ, 1987ರಲ್ಲಿ, ಸುಧಾರಣಾ ಕಾನೂನು ಬಂತು. ಅಲ್ಲಿಯವರೆಗೆ ತಪಾಸಣೆ ಎಂದರೆ ಕಾಗದಪತ್ರದ ಪರಿಶೀಲನೆ. ಹೊಸ ಕಾನೂನು ದಿಕ್ಕು ಬದಲಿಸಿ, ನಿವಾಸಿಯನ್ನೇ ನೋಡಿ, ಅವರೊಡನೆ ಮಾತನಾಡಿ ಎಂದಿತು. ತಪಾಸಣೆ ಹೇಳದೆ ಕೇಳದೆ ನಡೆಯಬೇಕು, ಎರಡು ತಪಾಸಣೆಗಳ ನಡುವೆ 15 ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು. ತಂಡ ಬರುವ ದಿನವನ್ನು ಮೊದಲೇ ಕೇಂದ್ರಕ್ಕೆ ತಿಳಿಸಿದವರಿಗೆ 2,000 ಡಾಲರ್‌ವರೆಗೆ ದಂಡ ಎಂದು ಕಾನೂನಿನಲ್ಲೇ ಬರೆದರು. ನಮ್ಮಲ್ಲಿ ಈ ಒಂದು ಸಾಲು ಇದ್ದಿದ್ದರೆ ನಾನು ಕಂಡ ಬೆಡ್‌ಶೀಟುಗಳ ಕಥೆಯೇ ಇರುತ್ತಿರಲಿಲ್ಲ.

2008ರ ಕೊನೆಯಲ್ಲಿ ಹೋಟೆಲುಗಳಿಗೆ ಕೊಡುವಂತೆ ನರ್ಸಿಂಗ್ ಹೋಂಗಳಿಗೂ ಒಂದರಿಂದ ಐದು ನಕ್ಷತ್ರ ಕೊಡುವ ಪದ್ಧತಿ ಬಂತು. ಮಕ್ಕಳು ಮನೆಯಲ್ಲೇ ಕೂತು ಹೋಲಿಸಿ ನೋಡಬಹುದು. ಒಳ್ಳೆಯ ಯೋಚನೆ. ಆದರೆ ಆ ನಕ್ಷತ್ರಗಳ ಒಂದು ಭಾಗ ಸಿಬ್ಬಂದಿ ಎಷ್ಟಿದ್ದಾರೆ ಎಂಬುದರ ಮೇಲೆ ನಿಂತಿತ್ತು, ಆ ಸಂಖ್ಯೆಯನ್ನು ಕೇಂದ್ರಗಳೇ ಬರೆದುಕೊಡುತ್ತಿದ್ದವು. ತಪಾಸಣೆಯ ಹೊತ್ತಿಗೆ ಜನರನ್ನು ತುಂಬಿಸಿ, ಆ ಲೆಕ್ಕ ತೋರಿಸಿ ನಕ್ಷತ್ರ ಗಳಿಸುವುದು ಕಷ್ಟವಿರಲಿಲ್ಲ. 2014ರಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನು ಬಯಲಿಗೆಳೆಯಿತು. 2016ರಿಂದ ಸರ್ಕಾರ ಸಂಬಳದ ದಾಖಲೆಯನ್ನೇ ಕೇಳತೊಡಗಿತು: ಯಾವ ದಿನ ಯಾರು ಎಷ್ಟು ಗಂಟೆ ಕೆಲಸ ಮಾಡಿದರು, ಯಾರಿಗೆ ಹಣ ಸಂದಾಯವಾಯಿತು ಎಂಬ ಲೆಕ್ಕ. 2018ರಲ್ಲಿ ನಕ್ಷತ್ರಕ್ಕೆ ಆ ದಾಖಲೆಯೇ ಆಧಾರವಾಯಿತು. ಆಗ ಗೊತ್ತಾದದ್ದು, ಅನೇಕ ಕಡೆ ಶನಿವಾರ ಭಾನುವಾರ ಸಿಬ್ಬಂದಿ ತೀರಾ ಕಡಿಮೆ ಇರುತ್ತಾರೆ ಎಂದು. 2022ರಿಂದ ವಾರಾಂತ್ಯದ ಲೆಕ್ಕವನ್ನೂ ನಕ್ಷತ್ರಕ್ಕೆ ಸೇರಿಸಿದರು.

ಇಲ್ಲಿ ಗಮನಿಸಬೇಕಾದ ಸಂಗತಿ ಇದೆ. ಪ್ರತಿ ಬಾರಿ ಅಳತೆ ಬಂದಾಗಲೂ ಅದನ್ನು ತಪ್ಪಿಸುವ ದಾರಿ ಹುಟ್ಟಿತು. ಪ್ರತಿ ಬಾರಿ ಆ ದಾರಿ ಮುಚ್ಚಿದ್ದು, ಸಂಸ್ಥೆ ತಾನೇ ಹೇಳಿಕೊಂಡದ್ದನ್ನು ಬಿಟ್ಟು ಬೇರೆಡೆ ಇರುವ ದಾಖಲೆಯನ್ನು ನೋಡಿದಾಗ.

2024ರಲ್ಲಿ ಅಮೆರಿಕ ಇನ್ನೊಂದು ಹೆಜ್ಜೆ ಇಟ್ಟಿತು. ಪ್ರತಿ ನಿವಾಸಿಗೆ ದಿನಕ್ಕೆ ಕನಿಷ್ಠ 3.48 ಗಂಟೆ ಶುಶ್ರೂಷೆ ಸಿಗುವಷ್ಟು ಸಿಬ್ಬಂದಿ ಇರಬೇಕು ಎಂದು ನಿಯಮ ಹೊರಡಿಸಿತು. ಮಾಲೀಕರು ಇಷ್ಟು ಜನ ಸಿಗುವುದಿಲ್ಲ, ಮುಚ್ಚಬೇಕಾಗುತ್ತದೆ ಎಂದು ನ್ಯಾಯಾಲಯಕ್ಕೆ ಹೋದರು. 2025ರ ಏಪ್ರಿಲಿನಲ್ಲಿ ಟೆಕ್ಸಾಸ್‌ನ ಫೆಡರಲ್ ನ್ಯಾಯಾಲಯ ಆ ನಿಯಮದ ಮುಖ್ಯ ಭಾಗಗಳನ್ನು ರದ್ದು ಮಾಡಿತು. ನಿಯಮ ಬಿದ್ದರೂ ಆ ಸಂಖ್ಯೆಯಿಂದ ನಾವೊಂದು ಲೆಕ್ಕ ಮಾಡಬಹುದು. ನಾನು ಹೋಗುತ್ತಿದ್ದ ಕೇಂದ್ರದಲ್ಲಿ ಹಗಲು 12 ಗಂಟೆ ಇಬ್ಬರು, ರಾತ್ರಿ 12 ಗಂಟೆ ಒಬ್ಬರು. ಒಟ್ಟು 36 ಗಂಟೆ. 22 ಮಂದಿಗೆ ಹಂಚಿದರೆ ತಲೆಗೆ ಒಂದು ಗಂಟೆ 38 ನಿಮಿಷ. ಅಮೆರಿಕ ಕನಿಷ್ಠ ಎಂದುಕೊಂಡಿದ್ದರ ಅರ್ಧವೂ ಇಲ್ಲ. ಅಷ್ಟರಲ್ಲೇ ಸ್ನಾನ, ಊಟ, ಡೈಪರ್, ಮಾತ್ರೆ, ಮಗ್ಗುಲು ಬದಲಾವಣೆ ಎಲ್ಲ ಮುಗಿಯಬೇಕು. ಮಾತು ಎಲ್ಲಿಂದ ಬರಬೇಕು?

ತಪಾಸಣೆ ನಿಂತರೆ ಏನಾಗುತ್ತದೆ

ಕೆನಡಾದ ಒಂಟಾರಿಯೊ ಪ್ರಾಂತ್ಯದ್ದು ಇನ್ನೊಂದು ಬಗೆಯ ಪಾಠ. ಅಲ್ಲಿ 626 ದೀರ್ಘಾವಧಿ ಆರೈಕೆ ಮನೆಗಳಿದ್ದವು. ಪ್ರತಿ ಮನೆಗೂ ಹೇಳದೆ ಹೋಗಿ, ನಿವಾಸಿಗಳನ್ನೂ ಅವರ ಕುಟುಂಬವನ್ನೂ ಮಾತನಾಡಿಸಿ ಮಾಡುವ ಸಮಗ್ರ ತಪಾಸಣೆ ಇತ್ತು. 2018ರಿಂದ ಅದನ್ನು ಬಹುಮಟ್ಟಿಗೆ ಕೈಬಿಟ್ಟು, ದೂರು ಬಂದರೆ ಅಥವಾ ಅವಘಡ ನಡೆದರೆ ಮಾತ್ರ ಹೋಗುವ ಪದ್ಧತಿಗೆ ಬಂದರು. 2019ರಲ್ಲಿ ಸಮಗ್ರ ತಪಾಸಣೆ ನಡೆದದ್ದು ಒಂಬತ್ತೇ ಮನೆಗಳಲ್ಲಿ.

ಮರುವರ್ಷ ಕೋವಿಡ್ ಬಂತು. ಸಿಬ್ಬಂದಿ ಕಾಯಿಲೆ ಬಿದ್ದರು, ಉಳಿದವರು ಹೆದರಿದರು. ಕೊನೆಗೆ ಐದು ಮನೆಗಳಿಗೆ ಸೇನೆಯನ್ನು ಕಳಿಸಬೇಕಾಯಿತು. 2020ರ ಮೇ 26ರಂದು ಬಹಿರಂಗವಾದ ಸೈನಿಕರ ವರದಿ ಓದಿ ದೇಶವೇ ಬೆಚ್ಚಿತು. ಜಿರಳೆಗಳು, ಹೊಲಸಾದ ಡೈಪರಿನಲ್ಲೇ ಬಿಟ್ಟ ಹಿರಿಯರು, ಬಲವಂತವಾಗಿ ಉಣಿಸಿ ಗಂಟಲಿಗೆ ಸಿಕ್ಕಿಕೊಂಡ ಆಹಾರ, ಎರಡು ಗಂಟೆ ಕೂಗಿದರೂ ಯಾರೂ ಬಾರದ ಕೊಠಡಿಗಳು. ಇವೆಲ್ಲ ಕೋವಿಡ್ ತಂದದ್ದಲ್ಲ, ಕೋವಿಡ್ ತೋರಿಸಿದ್ದು. ಆಮೇಲೆ ಬಂದ ಹೊಸ ಕಾನೂನು, 2025ರ ಮಾರ್ಚ್ ಹೊತ್ತಿಗೆ ಪ್ರತಿ ನಿವಾಸಿಗೆ ಸರಾಸರಿ ದಿನಕ್ಕೆ ನಾಲ್ಕು ಗಂಟೆ ನೇರ ಆರೈಕೆ ಸಿಗಬೇಕು ಎಂಬ ಗುರಿ ಇಟ್ಟಿತು.

‘ದೂರು ಬಂದರೆ ನೋಡೋಣ’ ಎಂಬ ವಾದ ನಮ್ಮಲ್ಲೂ ಕೇಳಿಬರುತ್ತದೆ. ಆದರೆ ಯಾರು ದೂರು ಕೊಡಬೇಕು? ಮರೆವಿನ ಕಾಯಿಲೆ ಇರುವವರು ಕೊಡಲಾರರು. ಮಾತು ಬಿದ್ದುಹೋದವರು ಕೊಡಲಾರರು. ಮಾತು ಬರುವವರಿಗೂ, ಅಧಿಕಾರಿ ಹೋದಮೇಲೆ ತಮಗೆ ನೀರು ಕೊಡಬೇಕಾದವರು ಅದೇ ಆಯಾ ಎಂಬುದು ಗೊತ್ತಿರುತ್ತದೆ. ಕಿಟಕಿ ಪಕ್ಕದ ಅಜ್ಜಿ ‘ಹೂಂ ಸ್ವಾಮಿ’ ಎಂದದ್ದು ಸುಳ್ಳಲ್ಲ, ಅದೊಂದು ಲೆಕ್ಕಾಚಾರ.

ಇಂಗ್ಲೆಂಡಿನ ಐದು ಪ್ರಶ್ನೆ

ಕರ್ನಾಟಕದ ನರ್ಸಿಂಗ್ ಕಾಲೇಜುಗಳಿಂದ ಹೊರಬಂದ ಅನೇಕರು ಇಂದು ಇಂಗ್ಲೆಂಡಿನಲ್ಲಿ ದುಡಿಯುತ್ತಿದ್ದಾರೆ. 2022ರ ಫೆಬ್ರುವರಿಯಲ್ಲಿ ಬ್ರಿಟನ್ ಆರೈಕೆ ಕಾರ್ಯಕರ್ತರಿಗೆ ವೀಸಾ ತೆರೆದಾಗ ಭಾರತದಿಂದ ದೊಡ್ಡ ಸಂಖ್ಯೆಯಲ್ಲಿ ಹೋದರು. 2025ರ ಜುಲೈನಲ್ಲಿ ಹೊರದೇಶದಿಂದ ಹೊಸಬರನ್ನು ಕರೆಸುವ ಆ ದಾರಿ ಮುಚ್ಚಿತು. ಅಲ್ಲಿ ಆರೈಕೆ ಮನೆಯಲ್ಲಿ ಕೆಲಸ ಮಾಡಿದವರಿಗೆ ಮೂರು ಅಕ್ಷರ ಚೆನ್ನಾಗಿ ಗೊತ್ತು: ಸಿಕ್ಯೂಸಿ, ಅಂದರೆ ಕೇರ್ ಕ್ವಾಲಿಟಿ ಕಮಿಷನ್. 2009ರಿಂದ ಇಂಗ್ಲೆಂಡಿನ ಆಸ್ಪತ್ರೆ, ಆರೈಕೆ ಮನೆಗಳನ್ನು ತಪಾಸಣೆ ಮಾಡುವ ಸಂಸ್ಥೆ.

ಅದು ಕೇಳುವುದು ಐದು ಪ್ರಶ್ನೆ. ಇಲ್ಲಿ ಸುರಕ್ಷಿತವೇ? ಆರೈಕೆಯಿಂದ ಪ್ರಯೋಜನವಾಗುತ್ತಿದೆಯೇ? ಸಿಬ್ಬಂದಿಗೆ ಮಮತೆ ಇದೆಯೇ? ಒಬ್ಬೊಬ್ಬರ ಅಗತ್ಯಕ್ಕೆ ಸ್ಪಂದಿಸುತ್ತಾರೆಯೇ? ಆಡಳಿತ ಸರಿ ಇದೆಯೇ? ಅದರ ಮೇಲೆ ನಾಲ್ಕು ದರ್ಜೆ: ಅತ್ಯುತ್ತಮ, ಉತ್ತಮ, ಸುಧಾರಣೆ ಬೇಕು, ಸಾಲದು. ಬಂದ ದರ್ಜೆಯನ್ನು ಜನರಿಗೆ ಕಾಣುವಂತೆ ಪ್ರದರ್ಶಿಸಲೇಬೇಕು. ಅಲ್ಲಿನ ಮುಖ್ಯ ತಪಾಸಕರಾಗಿದ್ದ ಆಂಡ್ರಿಯಾ ಸಟ್ಲಿಫ್ ಇದನ್ನೆಲ್ಲ ‘ಅಮ್ಮನ ಪರೀಕ್ಷೆ’ ಎಂಬ ಒಂದೇ ಮಾತಿಗೆ ಇಳಿಸಿದ್ದರು. ನನ್ನ ಅಮ್ಮನನ್ನು ಇಲ್ಲಿ ಬಿಡಲು ನನಗೆ ಮನಸ್ಸು ಬರುತ್ತದೆಯೇ?

ಆದರೆ ಅಲ್ಲೂ ಎಲ್ಲ ಸರಿಯಿಲ್ಲ. 2024ರಲ್ಲಿ ಡಾ. ಪೆನ್ನಿ ಡ್ಯಾಶ್ ನಡೆಸಿದ ಪರಿಶೀಲನೆ ಆ ಸಂಸ್ಥೆಯನ್ನೇ ಕಟಕಟೆಯಲ್ಲಿ ನಿಲ್ಲಿಸಿತು. ತಪಾಸಣೆಗಳು ಕಡಿಮೆಯಾಗಿದ್ದವು, ಐದರಲ್ಲಿ ಒಂದು ಕಡೆಗೆ ದರ್ಜೆಯನ್ನೇ ಕೊಟ್ಟಿರಲಿಲ್ಲ, ಕೆಲವೆಡೆ 2015ರ ದರ್ಜೆಯೇ ಗೋಡೆಯ ಮೇಲೆ ನೇತಾಡುತ್ತಿತ್ತು. ಹತ್ತು ವರ್ಷ ಹಳೆಯ ಅಂಕಪಟ್ಟಿ ತೋರಿಸಿ ಕೆಲಸ ಕೇಳಿದಂತೆ. ಆರೋಗ್ಯ ಸಚಿವರೇ ಆ ಸಂಸ್ಥೆ ತನ್ನ ಕೆಲಸಕ್ಕೆ ಯೋಗ್ಯವಾಗಿಲ್ಲ ಎಂದುಬಿಟ್ಟರು. ತಪಾಸಣೆ ಮಾಡುವವರನ್ನೂ ಯಾರಾದರೂ ನೋಡುತ್ತಿರಬೇಕು ಎಂಬುದು ಇದರ ಅರ್ಥ.

ನಮ್ಮಲ್ಲೇ ಇರುವ ಮಾದರಿ

ವಿದೇಶದ ಮಾತಾಯಿತು, ನಮ್ಮ ದೇಶಕ್ಕೆ ಇದೆಲ್ಲ ಹೊಂದುವುದೇ ಎಂದು ಕೇಳಬಹುದು. ಉತ್ತರ ನಮ್ಮಲ್ಲೇ ಇದೆ, ಆದರೆ ಹಿರಿಯರ ವಿಷಯದಲ್ಲಿ ಅಲ್ಲ, ಮಕ್ಕಳ ವಿಷಯದಲ್ಲಿ. 2015ರ ಬಾಲನ್ಯಾಯ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ ಮಕ್ಕಳ ಪಾಲನಾ ಸಂಸ್ಥೆಗಳಿಗೆ ತಪಾಸಣಾ ಸಮಿತಿ ಕನಿಷ್ಠ ಮೂರು ತಿಂಗಳಿಗೊಮ್ಮೆ ಹೋಗಲೇಬೇಕು. ತಂಡದಲ್ಲಿ ಕನಿಷ್ಠ ಮೂವರು, ಅವರಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ. ಒಂದು ವಾರದೊಳಗೆ ವರದಿ. ಮಗುವಿಗೆ ಇರುವ ಈ ರಕ್ಷಣೆ, ಮಗುವಿನಷ್ಟೇ ಅಸಹಾಯಕರಾದ 85ರ ಅಜ್ಜಿಗೆ ಯಾಕಿಲ್ಲ?

ಕಾನೂನು ಇದ್ದರೂ ಸಾಲದು ಎಂಬುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಬಿಹಾರದ ಮುಜಫ್ಫರ್‌ಪುರದಲ್ಲಿ ಸರ್ಕಾರಿ ಅನುದಾನದ ಬಾಲಕಿಯರ ಆಶ್ರಯಧಾಮವೊಂದರಲ್ಲಿ ಲೈಂಗಿಕ ದೌರ್ಜನ್ಯ ನಡೆಯುತ್ತಿತ್ತು. ಅದನ್ನು ಹೊರಗೆ ತಂದದ್ದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ‘ಕೋಶಿಶ್’ ತಂಡ. ಸರ್ಕಾರದ ಕೋರಿಕೆಯಂತೆ ಆ ತಂಡ ರಾಜ್ಯದ 110 ಆಶ್ರಯಧಾಮಗಳ ಸಾಮಾಜಿಕ ಲೆಕ್ಕಪರಿಶೋಧನೆ ಮಾಡಿ 2018ರಲ್ಲಿ ವರದಿ ಕೊಟ್ಟಿತು. ಅಲ್ಲಿದ್ದವರ ಮಾತನ್ನು ಕೇಳಿಸಿಕೊಳ್ಳಲು ಸಮಯ ಕೊಟ್ಟದ್ದೇ ಅವರು ಮಾಡಿದ ಮುಖ್ಯ ಕೆಲಸ. 2020ರ ಜನವರಿಯಲ್ಲಿ ದೆಹಲಿಯ ನ್ಯಾಯಾಲಯ 19 ಮಂದಿಯನ್ನು ಅಪರಾಧಿಗಳೆಂದು ಘೋಷಿಸಿತು. ಎಂಎಸ್‌ಡಬ್ಲ್ಯು ವಿದ್ಯಾರ್ಥಿಗಳಾದ ನಮಗೆ ಇದಕ್ಕಿಂತ ದೊಡ್ಡ ಪಾಠ ಯಾವ ಪಠ್ಯದಲ್ಲೂ ಇಲ್ಲ.

ಏನನ್ನು ನೋಡಬೇಕು?

ಒಳ್ಳೆಯ ತಪಾಸಕ ಗೋಡೆ ನೋಡುವುದಿಲ್ಲ, ಚರ್ಮ ನೋಡುತ್ತಾನೆ. ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬದಲಿಸದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಒತ್ತಡದ ಹುಣ್ಣು ಬರುತ್ತದೆ. ರಾತ್ರಿ ಯಾರೂ ಇರಲಿಲ್ಲ ಎಂಬುದನ್ನು ಹಾಜರಿ ಪುಸ್ತಕಕ್ಕಿಂತ ಪ್ರಾಮಾಣಿಕವಾಗಿ ಆ ಹುಣ್ಣು ಹೇಳುತ್ತದೆ.

ತೂಕದ ದಾಖಲೆ ಕೇಳಬೇಕು. ಮೂರು ತಿಂಗಳಲ್ಲಿ ತೂಕ ಇಳಿದಿದ್ದರೆ ತಟ್ಟೆಯಲ್ಲಿ ಊಟ ಇತ್ತೇ ಎಂದಲ್ಲ, ಉಣಿಸಲು ಯಾರಾದರೂ ಇದ್ದರೇ ಎಂದು ಕೇಳಬೇಕು. ನೀರಿನ ಲೋಟ ಕೈಗೆ ಎಟಕುವಲ್ಲಿದೆಯೇ? ಕನ್ನಡಕ, ಹಲ್ಲಿನ ಸೆಟ್, ಶ್ರವಣಯಂತ್ರ ಅವರ ಬಳಿ ಇವೆಯೇ ಅಥವಾ ಕಚೇರಿಯ ಡ್ರಾಯರಿನಲ್ಲಿವೆಯೇ? ಕರೆಗಂಟೆ ಒತ್ತಿದರೆ ಎಷ್ಟು ನಿಮಿಷಕ್ಕೆ ಯಾರು ಬರುತ್ತಾರೆ?

ಯಾರನ್ನಾದರೂ ಕಟ್ಟಿಹಾಕಿದ್ದಾರೆಯೇ ಎಂದು ನೋಡಬೇಕು. ಬಟ್ಟೆಯಿಂದ ಕಟ್ಟುವುದು ಕಣ್ಣಿಗೆ ಕಾಣುತ್ತದೆ. ಮಾತ್ರೆಯಿಂದ ಕಟ್ಟುವುದು ಕಾಣುವುದಿಲ್ಲ. ಮರೆವಿನ ಕಾಯಿಲೆಯವರು ರಾತ್ರಿ ಕೂಗಾಡಿದರೆ ಮನೋರೋಗದ ಮಾತ್ರೆ ಕೊಟ್ಟು ಮಲಗಿಸುವುದು ಸುಲಭ. ಇಂಥ ಮಾತ್ರೆಗಳು ಮರೆವಿನ ಕಾಯಿಲೆಯ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಹಗಲು ಹನ್ನೊಂದಕ್ಕೆ ಇಡೀ ವಾರ್ಡು ನಿದ್ದೆಯಲ್ಲಿದ್ದರೆ ಅದನ್ನು ನೆಮ್ಮದಿ ಎಂದು ಬರೆದುಕೊಳ್ಳಬಾರದು, ಮಾತ್ರೆಯ ಚೀಟಿ ಕೇಳಬೇಕು.

ಕೊನೆಯದಾಗಿ ಸಂಬಳದ ಪಟ್ಟಿ. ಕಳೆದ ಒಂದು ವರ್ಷದಲ್ಲಿ ಎಷ್ಟು ಆಯಾಗಳು ಬಿಟ್ಟುಹೋದರು? ಪ್ರತಿ ತಿಂಗಳು ಹೊಸಬರು ಬಂದರೆ ಯಾವ ಅಜ್ಜನಿಗೆ ಯಾವ ಕಿವಿ ಕೇಳುವುದಿಲ್ಲ ಎಂಬುದು ಯಾರಿಗೂ ಗೊತ್ತಿರುವುದಿಲ್ಲ.

ಎದುರು ವಾದ

ಇದಕ್ಕೆ ಎರಡು ಆಕ್ಷೇಪಗಳಿವೆ, ಎರಡೂ ಹಗುರವಾದವಲ್ಲ. ಒಂದು, ಬಿಗಿ ಮಾಡಿದರೆ ದಾನದಿಂದ ನಡೆಯುವ ಸಣ್ಣ ಆಶ್ರಮಗಳು ಮುಚ್ಚುತ್ತವೆ, ಅಲ್ಲಿದ್ದವರು ಬೀದಿಗೆ ಬೀಳುತ್ತಾರೆ. ನಿಜ. ಅದಕ್ಕೇ ತಪಾಸಣೆಯ ಮೊದಲ ಫಲ ಬೀಗ ಆಗಬಾರದು, ನೆರವು ಆಗಬೇಕು. ರಾತ್ರಿ ಪಾಳಿಗೆ ಒಬ್ಬರು ಕಡಿಮೆ ಇದ್ದರೆ ಆ ಒಬ್ಬರ ಸಂಬಳಕ್ಕೆ ಅನುದಾನ, ತರಬೇತಿ, ಗಡುವು. ಹಣ ಪಡೆದೂ ಸರಿಪಡಿಸದವರಿಗೆ ದಂಡ. ತಿಂಗಳಿಗೆ ಹತ್ತಾರು ಸಾವಿರ ವಸೂಲು ಮಾಡುವವರಿಗೂ ದಾನದ ಅಕ್ಕಿಯಲ್ಲಿ ನಡೆಸುವವರಿಗೂ ನೆರವು ಒಂದೇ ಆಗಬೇಕಿಲ್ಲ. ಆದರೆ ಹುಣ್ಣು ಬರಬಾರದು ಎಂಬ ನಿಯಮ ಇಬ್ಬರಿಗೂ ಒಂದೇ.

ಇನ್ನೊಂದು, ಇನ್‌ಸ್ಪೆಕ್ಟರ್ ಬಂದರೆ ಲಂಚ ಬರುತ್ತದೆ. ಇದೂ ನಿಜ. 2025ರ ಫೆಬ್ರುವರಿಯಲ್ಲಿ ಅನುಕೂಲಕರ ದರ್ಜೆ ಕೊಡಲು ಲಂಚ ಪಡೆದ ಆರೋಪದ ಮೇಲೆ ನ್ಯಾಕ್ ತಪಾಸಣಾ ತಂಡದ ಸದಸ್ಯರನ್ನೇ ಸಿಬಿಐ ಬಂಧಿಸಿತು. ಮುಚ್ಚಿದ ಕೋಣೆಯಲ್ಲಿ ಒಬ್ಬರು ಬರೆಯುವ ವರದಿಗೆ ಬೆಲೆ ಕಟ್ಟುವುದು ಸುಲಭ. ಮೂವರ ತಂಡ ಹೇಳದೆ ಬಂದರೆ, ವರದಿ ಬಾಗಿಲಲ್ಲೇ ಕನ್ನಡದಲ್ಲಿ ಅಂಟಿಸಿದರೆ, ಕುಟುಂಬದವರು ಅದನ್ನು ಓದಿ ‘ಹೀಗಿಲ್ಲವಲ್ಲ’ ಎನ್ನಲು ಸಾಧ್ಯವಾದರೆ ಆ ಬೆಲೆ ಏರುತ್ತದೆ, ಧೈರ್ಯ ಇಳಿಯುತ್ತದೆ.

ನಮ್ಮ ಪಾಲು

ಈ ಪುಟ ಓದುವವರಲ್ಲಿ ಹಲವರು ಕೆಲಸ ಹುಡುಕುತ್ತಿದ್ದೀರಿ. ಹಿರಿಯರ ಆರೈಕೆ ಮುಂದಿನ ದಿನಗಳಲ್ಲಿ ದೊಡ್ಡ ಉದ್ಯೋಗ ಕ್ಷೇತ್ರವಾಗಲಿದೆ. ನರ್ಸಿಂಗ್, ಫಿಸಿಯೊಥೆರಪಿ, ಸಮಾಜಕಾರ್ಯ ಓದಿದವರಿಗೆ ಮಾತ್ರವಲ್ಲ, ಪಿಯುಸಿ ಮುಗಿಸಿ ಆರೈಕೆ ಸಹಾಯಕರ ತರಬೇತಿ ಪಡೆದವರಿಗೂ. ಸಂದರ್ಶನಕ್ಕೆ ಹೋದಾಗ ಸಂಬಳ ಎಷ್ಟು ಎಂದು ಕೇಳುವುದರ ಜತೆಗೆ ‘ರಾತ್ರಿ ಪಾಳಿಯಲ್ಲಿ ನನ್ನ ಪಾಲಿಗೆ ಎಷ್ಟು ಜನ?’ ಎಂದೂ ಕೇಳಿ. ಆ ಪ್ರಶ್ನೆ ನಿಮ್ಮ ಬೆನ್ನನ್ನೂ ಕಾಪಾಡುತ್ತದೆ, ಅವರ ಬೆನ್ನನ್ನೂ. ನಾನು ಕಂಡ ಆ ಒಬ್ಬ ಆಯಾ ಕ್ರೂರಿಯಲ್ಲ. ಒಬ್ಬರ ಡೈಪರ್ ಬದಲಿಸುವಾಗ ಇನ್ನೊಬ್ಬರು ಕರೆದರೆ ಅವರಿಗೆ ಇದ್ದದ್ದು ಎರಡೇ ಕೈ.

ಕಾಲೇಜುಗಳೂ ಒಂದು ಕೆಲಸ ಮಾಡಬಹುದು. ಎಂಎಸ್‌ಡಬ್ಲ್ಯು, ನರ್ಸಿಂಗ್ ವಿದ್ಯಾರ್ಥಿಗಳು ಹೇಗೂ ಕ್ಷೇತ್ರಕಾರ್ಯಕ್ಕೆ ಹೋಗುತ್ತಾರೆ. ಅವರು ಬರೆಯುವ ವರದಿ ಅಂಕಕ್ಕಾಗಿ ವಿಭಾಗದ ಕಪಾಟು ಸೇರುತ್ತದೆ. ಹೆಸರುಗಳನ್ನು ಬಿಟ್ಟು ಅದರ ಸಾರವನ್ನು ಜಿಲ್ಲೆಯ ಅಂಗವಿಕಲರ ಹಾಗೂ ಹಿರಿಯ ನಾಗರಿಕರ ಕಲ್ಯಾಣಾಧಿಕಾರಿಗೆ ಕಳಿಸುವ ಪದ್ಧತಿ ಬಂದರೆ, ಖರ್ಚಿಲ್ಲದೆ ನೂರಾರು ಕಣ್ಣುಗಳು ಸಿಗುತ್ತವೆ. ನಾನು ಬರೆದ ವರದಿಗೂ ಒಳ್ಳೆಯ ಅಂಕ ಬಂತು. ಆ ರಾತ್ರಿ ಪಾಳಿಯ ಬಗ್ಗೆ ಅದರಲ್ಲಿ ಒಂದು ಪುಟವೇ ಇತ್ತು. ಅದು ಎಲ್ಲಿಗೂ ಹೋಗಲಿಲ್ಲ, ನಾನೂ ಕಳಿಸಲಿಲ್ಲ. ಈ ಲೇಖನ ಬರೆಯಲು ಅದೂ ಒಂದು ಕಾರಣ.

ನಿಮ್ಮ ಮನೆಯ ಹಿರಿಯರಿಗಾಗಿ ಕೇಂದ್ರ ಹುಡುಕಬೇಕಾದಾಗ ಮೊದಲ ಸಲ ಅವರು ಕೊಟ್ಟ ಸಮಯಕ್ಕೆ ಹೋಗಿ. ಎರಡನೇ ಸಲ ಭಾನುವಾರ ಸಂಜೆ ಏಳಕ್ಕೆ, ಹೇಳದೆ ಹೋಗಿ. ಒಳಗೆ ಬಿಡದಿದ್ದರೆ ಅದೇ ಒಂದು ಉತ್ತರ. ಬಿಟ್ಟರೆ ಎಷ್ಟು ಜನ ಸಿಬ್ಬಂದಿ ಓಡಾಡುತ್ತಿದ್ದಾರೆ ಎಂದು ಎಣಿಸಿ, ಒಬ್ಬ ಹಿರಿಯರ ಪಕ್ಕ ವ್ಯವಸ್ಥಾಪಕರಿಲ್ಲದಾಗ ಹತ್ತು ನಿಮಿಷ ಕೂತು ಮಾತನಾಡಿ. ತಪ್ಪು ಕಂಡರೆ 14567ಕ್ಕೆ ಕರೆ ಮಾಡಿ, ಅದು ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ. ಈಗಾಗಲೇ ಯಾರನ್ನಾದರೂ ಅಲ್ಲಿ ಬಿಟ್ಟಿದ್ದರೆ, ಮುಂದಿನ ಭೇಟಿಯಲ್ಲಿ ಹಣ್ಣು ಕೊಟ್ಟು ಬರುವ ಮುನ್ನ ಅವರ ಹಿಮ್ಮಡಿಯನ್ನೊಮ್ಮೆ ಮುಟ್ಟಿ ನೋಡಿ.